ಸ್ಟೀಲ್ ತಟ್ಟೆಯ ಕಪ್ಪು ಅಕ್ಷರ, ಕೆಸವಿನ ಎಲೆಯ ನೀರು

ಹೋದ ಶ್ರಾವಣದಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಆರು ಸ್ಟೀಲ್ ತಟ್ಟೆ ಕೊಂಡು, ಹೆಸರು ಹಾಕಿಸಲು ಹಾಸನದ ಪಾತ್ರೆ ಅಂಗಡಿಯೊಂದರಲ್ಲಿ ಕಾಯುತ್ತಿದ್ದೆ. ಪಾತ್ರೆಗೆ ಹೆಸರು ಹಾಕುವುದೆಂದರೆ ನನಗೆ ನೆನಪಾಗುವುದು ಹಲ್ಲು ಜುಮ್ಮೆನ್ನಿಸುವ ಸದ್ದಿನ ಆ ಕರೆಂಟ್ ಪೆನ್ನು. ಬರೆಯುವವನ ಕೈ ಒಮ್ಮೆ ಜಾರಿದರೆ ‘ಶಾರದಮ್ಮ’ ಹೋಗಿ ‘ಶಾರದಮ’ ಆಗುತ್ತಿತ್ತು, ಮೂರು ತಲೆಮಾರು ಹಾಗೆಯೇ ಉಳಿಯುತ್ತಿತ್ತು. ಈ ಸಲ ಪೆನ್ನು ಕಾಣಲಿಲ್ಲ. ಒಂದು ಕಂಬಕ್ಕೆ ಸಿಕ್ಕಿಸಿದ ಕಪ್ಪು ಪೆಟ್ಟಿಗೆ, ಅದರ ತಳದಲ್ಲಿ ಗಾಜಿನ ಕಣ್ಣು, ಪಕ್ಕದಲ್ಲಿ ಕಂಪ್ಯೂಟರ್. ಹುಡುಗ ಹೆಸರು ಟೈಪು ಮಾಡಿದ, ತಟ್ಟೆಯನ್ನು ಕೆಂಪು ಚೌಕಟ್ಟಿನ ಬೆಳಕಿಗೆ ಸರಿಹೊಂದಿಸಿದ, ಗುಂಡಿ ಒತ್ತಿದ. ಚಿರ್ ಎಂದು ಸಣ್ಣ ಸದ್ದು, ಕಣ್ಣು ಕುಕ್ಕುವ ಬಿಳಿ ಕಿಡಿ, ಎಳೆಯಷ್ಟು ಹೊಗೆ. ಹತ್ತು ಸೆಕೆಂಡೂ ಆಗಿರಲಿಲ್ಲ, ಅಕ್ಷರಗಳು ಕಾಡಿಗೆಯಷ್ಟು ಕಪ್ಪಾಗಿ ಮೂಡಿದ್ದವು.

“ಇದಕ್ಕೆ ಯಾವ ಇಂಕು ಹಾಕುತ್ತೀಯಪ್ಪ?” ಎಂದೆ.

“ಇಂಕು ಏನೂ ಇಲ್ಲ ಸಾರ್, ಬರೀ ಬೆಳಕು. ಸ್ಟೀಲನ್ನೇ ಸುಡುತ್ತದೆ.”

ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಹೋಗಲಿಲ್ಲ. ಉಗುರಿನಿಂದ ಗೀರಿದರೆ ತೀರಾ ನಯವಾದ ಉಪ್ಪುಕಾಗದದ ಮೇಲೆ ಓಡಿದಂತೆ ಆಗುತ್ತಿತ್ತು. ಬಿಳಿ ಲೋಹದ ಮೇಲೆ ಬಣ್ಣ ಬಳಿಯದೆ ಕಪ್ಪು ಬಂದದ್ದು ಎಲ್ಲಿಂದ?

ಹುಡುಗನ ಉತ್ತರ ಅರ್ಧ ಸರಿ. ಆ ಪೆಟ್ಟಿಗೆಯಿಂದ ಬರುವ ಬೆಳಕು ಲೇಸರ್. ಅದು ತಾಗಿದ ಕಡೆ ಸ್ಟೀಲ್ ಕಾಯುತ್ತದೆ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಬೈಕಿನ ಸೈಲೆನ್ಸರ್ ಕೊಳವೆ ಎಂಜಿನ್ ಬಳಿ ಬಾಗುವ ಜಾಗದಲ್ಲಿ ಹೊಂಬಣ್ಣ, ನೇರಳೆ, ನೀಲಿ ಆಗಿರುವುದನ್ನು ನೋಡಿದ್ದೀರಲ್ಲ, ಅದೇ ಸಂಗತಿ. ಉಳಿದರ್ಧಕ್ಕೆ ಕಾರಣ ಕುಳಿಗಳು. ಲೇಸರ್ ಆ ಅಕ್ಷರದೊಳಗೆ ಕಣ್ಣಿಗೆ ಕಾಣದ ಸಾವಿರಾರು ಕುಳಿ, ದಿಬ್ಬ, ಬಿರುಕುಗಳನ್ನು ಎಬ್ಬಿಸಿದೆ. ನಯವಾದ ಸ್ಟೀಲಿನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 60 ಪಾಲು ವಾಪಸು ಬರುತ್ತದೆ ಎಂದುಕೊಳ್ಳಿ. ಅದೇ ಬೆಳಕು ಕುಳಿಯೊಂದಕ್ಕೆ ಬಿದ್ದು, ಗೋಡೆಯಿಂದ ಗೋಡೆಗೆ ಬಡಿಯುತ್ತಾ ಹೋದರೆ ಪ್ರತಿ ಬಡಿತಕ್ಕೂ ಉಳಿದುದರಲ್ಲಿ 60 ಪಾಲಷ್ಟೇ ಮುಂದಕ್ಕೆ ಹೋಗುತ್ತದೆ. ಐದು ಬಡಿತ ಮುಗಿಯುವಾಗ 8 ಪಾಲೂ ಉಳಿದಿರುವುದಿಲ್ಲ. ಹಾಳು ಬಾವಿಯೊಳಗೆ ಮಟಮಟ ಮಧ್ಯಾಹ್ನವೂ ಕತ್ತಲೆ ಇರುವುದು ಬಾವಿಗೆ ಯಾರೋ ಕಪ್ಪು ಬಳಿದದ್ದರಿಂದಲ್ಲ. ತಟ್ಟೆಯ ಅಕ್ಷರವೆಂದರೆ ಅಂಥ ಬಾವಿಗಳ ಬಯಲು.

ಬೇಲೂರಿನವರಿಗೆ ಇದರ ತಿರುವುಮುರುವು ಪರಿಚಯವಿದೆ. 1117ರ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ತಿರುಗಣಿಗೆ ಕೊಟ್ಟು ಕಡೆದ ಕಂಬಗಳಿವೆಯಲ್ಲ, ಅವು ಹೊಳಪು ಕೊಟ್ಟ ಕಡೆ ಎಣ್ಣೆಗಪ್ಪು, ಕೆರೆದು ಹೋದ ಕಡೆ ಬೂದಿಬಿಳಿ. ಕಲ್ಲು ಒಂದೇ. ನಯವಾದ ಕಡೆ ಬೆಳಕು ಕನ್ನಡಿಯಲ್ಲಿ ಹೊರಳಿದಂತೆ ಒಂದೇ ದಿಕ್ಕಿಗೆ ಹೋಗುತ್ತದೆ, ಗೀರಿದ ಕಡೆ ಎಲ್ಲ ದಿಕ್ಕಿಗೂ ಚೆಲ್ಲಿ ಬೆಳ್ಳಗೆ ಕಾಣುತ್ತದೆ. ಅಲ್ಲಿ ಒರಟುತನ ಬಿಳುಪು ಕೊಟ್ಟರೆ ಇಲ್ಲಿ ಕಪ್ಪು ಕೊಡುತ್ತದೆ. ವ್ಯತ್ಯಾಸವಿರುವುದು ಕುಳಿ ಎಷ್ಟು ಆಳ, ಎಷ್ಟು ಕಿರಿದು ಎಂಬುದರಲ್ಲಿ. ಹೀಗೆ ಬೆಳಕಿನಿಂದ ಮೈಮೇಲೆ ಕುಳಿ, ದಿಬ್ಬ ಮೂಡಿಸುವುದನ್ನು ಲೇಸರ್ ಹೆಣಿಗೆ ಎನ್ನೋಣ. ಅದರ ಗುಟ್ಟೂ ಇಷ್ಟೇ: ವಸ್ತುವನ್ನು ಹಾಗೆಯೇ ಬಿಟ್ಟು ಅದರ ಮೈಯನ್ನಷ್ಟೇ ಬದಲಿಸುವುದು.

ನಮ್ಮ ಮನೆಗಳಿಗೆ ಇದು ಹೊಸದಲ್ಲ. ಒರಳು ಸವೆದು ನುಣುಪಾದರೆ ಅಕ್ಕಿ ಅರೆಯದೆ ಜಾರುತ್ತದೆ; ಆಗ ಕಲ್ಲುಕುಟಿಗನನ್ನು ಕರೆದು ಉಳಿಯಿಂದ ಮತ್ತೆ ಕಚ್ಚು ಹೊಡೆಸುತ್ತಿದ್ದರು. ಕಲ್ಲು ಅದೇ, ಹೊಸ ಮೈ. ಚಿಕ್ಕಮಗಳೂರಿನ ಕಾಫಿ ತೋಟದ ಪಲ್ಪರ್ ನೋಡಿ. ಉರುಳೆಗೆ ಸುತ್ತಿದ ತಾಮ್ರದ ತಗಡಿನಲ್ಲಿ ಸಾಲುಸಾಲು ಉಬ್ಬು. ಆ ಉಬ್ಬುಗಳು ಹಣ್ಣಿನ ಸಿಪ್ಪೆಯನ್ನು ಹಿಡಿದೆಳೆದು ಬೀಜವನ್ನು ಆಚೆ ಚಿಮ್ಮಿಸುತ್ತವೆ. ತಗಡು ನುಣ್ಣಗಾದರೆ ಪಲ್ಪರ್ ಸುಮ್ಮನೆ ತಿರುಗುತ್ತದೆ ಅಷ್ಟೆ. ಉಳಿಯ ಕಚ್ಚು ಮಿಲಿಮೀಟರ್ ಲೆಕ್ಕದ್ದು, ಲೇಸರ್ ಕಚ್ಚು ಮೈಕ್ರಾನ್ ಲೆಕ್ಕದ್ದು. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್, ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಚ್ಚು ಇಷ್ಟು ಚಿಕ್ಕದಾದಾಗ ಅದರ ಸಂಬಂಧ ಅಕ್ಕಿ ಕಾಳಿನೊಂದಿಗೆ ಉಳಿಯುವುದಿಲ್ಲ. ಬೆಳಕು, ನೀರಿನ ಹನಿ, ಎಣ್ಣೆಯ ಪೊರೆ, ಬ್ಯಾಕ್ಟೀರಿಯಾ ಇವುಗಳೊಂದಿಗೆ ಶುರುವಾಗುತ್ತದೆ.

ಇವುಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಹೇಳುವುದು ನೀರು. ಅದಕ್ಕೆ ಪ್ರಯೋಗಶಾಲೆ ಬೇಡ, ಮಳೆಗಾಲದಲ್ಲಿ ಹಿತ್ತಲಿಗೆ ಹೋದರೆ ಸಾಕು. ಪತ್ರೊಡೆಗೆ ಕೊಯ್ಯುವ ಕೆಸವಿನ ಎಲೆಯ ಮೇಲೆ ನೀರು ಒದ್ದೆ ಮಾಡುವುದೇ ಇಲ್ಲ. ಹನಿ ಪಾದರಸದಂತೆ ಗುಂಡಾಗಿ ಕುಳಿತು, ಎಲೆಯನ್ನು ಒಂದಿಷ್ಟು ಓರೆ ಮಾಡಿದರೆ ದೂಳನ್ನೂ ಎತ್ತಿಕೊಂಡು ಉರುಳಿಹೋಗುತ್ತದೆ. ಈಗ ಅದೇ ಎಲೆಯ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ನಾಲ್ಕು ಸಲ ಗಟ್ಟಿಯಾಗಿ ಉಜ್ಜಿ ನೀರು ಹಾಕಿ. ಉಜ್ಜಿದ ಜಾಗದಲ್ಲಿ ಹನಿ ಅಂಟಿಕೊಂಡು ಚಪ್ಪಟೆಯಾಗುತ್ತದೆ. ಎಲೆಗೆ ಏನಾಯಿತು? ಕಣ್ಣಿಗೆ ಕಂಡಂತೆ ಏನೂ ಆಗಲಿಲ್ಲ. ಅದರ ಮೈಮೇಲಿದ್ದ ಪುಟ್ಟ ಗುಬ್ಬಿಗಳೂ, ಅಂದರೆ ಮೊಟಕು ಉಬ್ಬುಗಳೂ, ಅವುಗಳ ಮೇಲಿನ ಇನ್ನೂ ಪುಟ್ಟ ಮೇಣದ ಹರಳುಗಳೂ ನಿಮ್ಮ ಹೆಬ್ಬೆರಳಿಗೆ ಸಿಕ್ಕಿ ನೆಲಸಮವಾದವು. ತಾವರೆ ಎಲೆಯದೂ ಇದೇ ಕಥೆ. ಜರ್ಮನಿಯ ಸಸ್ಯವಿಜ್ಞಾನಿಗಳಾದ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ 1997ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟ ಮೇಲೆ ‘ತಾವರೆ ಪರಿಣಾಮ’ ಎಂಬ ಹೆಸರು ಜಗತ್ತಿನಲ್ಲೆಲ್ಲ ನಿಂತಿತು. ಅವರು ನಮ್ಮ ಕಡೆಯವರಾಗಿದ್ದರೆ ‘ಕೆಸವಿನ ಪರಿಣಾಮ’ ಎನ್ನುತ್ತಿದ್ದರೇನೋ.

ಮೇಣ ಇರುವುದರಿಂದಲೇ ನೀರು ಜಾರುತ್ತದೆ, ಇದರಲ್ಲಿ ಆಕಾರದ ಪಾಲೇನು ಎಂದು ಕೇಳಬಹುದು. ಅದಕ್ಕೊಂದು ಅಳತೆ ಇದೆ. ಹನಿಯ ಅಂಚು ನೆಲಕ್ಕೆ ತಾಗುವಲ್ಲಿ ಮಾಡುವ ಕೋನವನ್ನು ಸ್ಪರ್ಶಕೋನ ಎನ್ನುತ್ತಾರೆ. ಶುದ್ಧ ಗಾಜಿನ ಮೇಲೆ ನೀರು ಹರಡಿಬಿಡುತ್ತದೆ, ಕೋನ ಸೊನ್ನೆಯ ಹತ್ತಿರ. ನಾನ್‌ಸ್ಟಿಕ್ ಪಾತ್ರೆಯ ಟೆಫ್ಲಾನ್ ಮೇಲೆ ಸುಮಾರು 110 ಡಿಗ್ರಿ. ನೀರನ್ನು ಒಲ್ಲದ ರಾಸಾಯನಿಕಗಳನ್ನೆಲ್ಲ ಹುಡುಕಿ ತಂದು ಸಪಾಟು ಮೈಗೆ ಬಳಿದರೂ 120 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕೆಸವಿನ ಎಲೆಯಲ್ಲಿ ಅದು 150 ಡಿಗ್ರಿ ದಾಟಿರುತ್ತದೆ. ಆ ಕೊನೆಯ 30 ಡಿಗ್ರಿ ಯಾವ ಮೇಣದಿಂದಲೂ ಬರುವುದಿಲ್ಲ, ಗುಬ್ಬಿಗಳಿಂದ ಬರುತ್ತದೆ. ಹನಿ ಗುಬ್ಬಿಗಳ ತುದಿಯ ಮೇಲೆ ಕುಳಿತಿರುತ್ತದೆ, ಅವುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಹನಿಗೆ ಎಲೆ ತಾಗುವುದು ಅಲ್ಲಲ್ಲಿ ಮಾತ್ರ. ಉಳಿದಂತೆ ಅದು ಗಾಳಿಯ ಮೇಲೆ ಕುಳಿತಿದೆ. ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬಿಬ್ಬರು 1944ರಲ್ಲೇ ಇದಕ್ಕೆ ಸಮೀಕರಣ ಬರೆದಿಟ್ಟಿದ್ದರು.

ಹಾಗಾದರೆ ಲೋಹಕ್ಕೆ ಅಂಥ ಗುಬ್ಬಿ ಎಬ್ಬಿಸುವುದು ಹೇಗೆ? ಥಿಯೊಡರ್ ಮೈಮನ್ ಅಮೆರಿಕದಲ್ಲಿ ಮೊದಲ ಲೇಸರ್ ಬೆಳಗಿಸಿದ್ದು 1960ರ ಮೇ 16ರಂದು. ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದೂ ಅದೇ ವರ್ಷ. ಐದಾರು ವರ್ಷ ಕಳೆಯುವುದರೊಳಗೆ ಬಿರ್ನ್‌ಬೌಮ್ ಎಂಬ ವಿಜ್ಞಾನಿ ಒಂದು ವಿಚಿತ್ರ ಕಂಡ. ಮಾಣಿಕ್ಯದ ಲೇಸರ್ ಬಡಿದ ಅರೆವಾಹಕದ ಮೇಲೆ, ಯಾರೂ ಗೀರದಿದ್ದರೂ, ಸಮಾನ ಅಂತರದ ಗೆರೆಗಳು ತಾವಾಗಿಯೇ ಎದ್ದಿದ್ದವು, ಉತ್ತ ಗದ್ದೆಯ ಸಾಲಿನಂತೆ. ಮೇಲಿನಿಂದ ಬಿದ್ದ ಬೆಳಕು ಮೈಯುದ್ದಕ್ಕೂ ಚದುರಿದ ಬೆಳಕಿನೊಂದಿಗೆ ಬೆರೆತು, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕಾಯಿಸಿದ್ದರ ಫಲ ಅದು. ಗೆರೆಗಳ ಅಂತರ ಹೆಚ್ಚುಕಡಿಮೆ ಬೆಳಕಿನ ಅಲೆಯುದ್ದದಷ್ಟೇ ಇರುತ್ತದೆ. ಅಂದರೆ ಮೈಕ್ರಾನ್‌ಗಿಂತ ಚಿಕ್ಕ ನೇಗಿಲನ್ನು ಬೆಳಕೇ ತನ್ನೊಡನೆ ತಂದಿರುತ್ತದೆ. ಸಿ.ಡಿ.ಯ ಬೆನ್ನಿನ ಹಾಗೆ ಇಂಥ ಗೆರೆಗಳು ಬಿಳಿ ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವುದರಿಂದ, ಬಣ್ಣವಿಲ್ಲದೆಯೇ ಲೋಹಕ್ಕೆ ಬಣ್ಣ ತರಲೂ ಬರುತ್ತದೆ.

ಆದರೆ ಗುಬ್ಬಿ ಚೊಕ್ಕಟವಾಗಿ ಬರಬೇಕಾದರೆ ಬೆಳಕು ಎಷ್ಟು ಹೊತ್ತು ತಾಗುತ್ತದೆ ಎಂಬುದು ಮುಖ್ಯ. ಅಂಗಡಿಯ ಹುಡುಗನ ಯಂತ್ರದಂಥವುಗಳಲ್ಲಿ ಬೆಳಕು ಬಿಟ್ಟು ಬಿಟ್ಟು, ಮಿಡಿತಗಳಾಗಿ ಬರುತ್ತದೆ; ಒಂದೊಂದು ಮಿಡಿತ ಸುಮಾರು 100 ನ್ಯಾನೊಸೆಕೆಂಡ್ ಇರುತ್ತದೆ. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು 30 ಮೀಟರ್ ಓಡುತ್ತದೆ. ನಮಗದು ಏನೂ ಅಲ್ಲ, ಲೋಹಕ್ಕೆ ಮಾತ್ರ ಧಾರಾಳ ಸಮಯ. ಶಾಖ ಅಕ್ಕಪಕ್ಕಕ್ಕೆ ಹರಿದು, ಲೋಹ ಕರಗಿ, ಕುಳಿಯ ಅಂಚಿನಲ್ಲಿ ಉಕ್ಕಿದ ಹಾಲಿನಂತೆ ಗಟ್ಟಿಯಾಗುತ್ತದೆ. ನನ್ನ ಉಗುರಿಗೆ ತಾಗಿದ ತರಿ ಅದೇ. ಫೆಮ್ಟೊಸೆಕೆಂಡ್ ಲೇಸರ್ ಬೇರೆಯೇ ಜಾತಿ. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಆ ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೊಸೆಕೆಂಡ್. ಅಂಥ ನೂರರಲ್ಲಿ ಬೆಳಕು ಓಡುವುದು 30 ಮೈಕ್ರಾನ್, ಕೂದಲಿನ ಅರ್ಧ ದಪ್ಪವೂ ಇಲ್ಲ. ಈ ಅವಧಿಯಲ್ಲಿ ಲೋಹದ ಎಲೆಕ್ಟ್ರಾನುಗಳು ಶಕ್ತಿಯನ್ನು ನುಂಗಿರುತ್ತವೆ, ಅದನ್ನು ಪರಮಾಣುಗಳಿಗೆ ದಾಟಿಸುವ ಮೊದಲೇ ಮಿಡಿತ ಮುಗಿದಿರುತ್ತದೆ. ದೀಪದ ಕುಡಿಯೊಳಗೆ ಬೆರಳನ್ನು ಸರ್ರನೆ ಆಡಿಸಿದರೆ ಸುಡುವುದಿಲ್ಲ, ಒಂದು ಕ್ಷಣ ನಿಲ್ಲಿಸಿದರೆ ಬೊಬ್ಬೆ ಏಳುತ್ತದೆ. ಶಾಖ ಒಳಗಿಳಿಯಲು ಹೊತ್ತು ಬೇಕು. ಇಲ್ಲಿ ಆ ಹೊತ್ತೇ ಸಿಗುವುದಿಲ್ಲ. ಬೆಳಕು ಬಿದ್ದಷ್ಟು ಜಾಗದ ಲೋಹ ಆವಿಯಾಗಿ ಸಿಡಿದು ಹೋಗುತ್ತದೆ, ಪಕ್ಕದ ಲೋಹಕ್ಕೆ ಸುದ್ದಿಯೂ ಮುಟ್ಟಿರುವುದಿಲ್ಲ.

ಇಷ್ಟು ಚಿಕ್ಕ ಮಿಡಿತಕ್ಕೆ ಬಲ ತುಂಬುವುದೇ ದೊಡ್ಡ ಸಮಸ್ಯೆಯಾಗಿತ್ತು. ಬಲ ಹೆಚ್ಚಿಸಹೋದರೆ ಲೇಸರಿನ ಒಳಭಾಗವೇ ಸುಟ್ಟುಹೋಗುತ್ತಿತ್ತು. 1985ರಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರೂ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ದಾರಿ ಕಂಡುಕೊಂಡರು: ಮಿಡಿತವನ್ನು ಮೊದಲು ಉದ್ದಕ್ಕೆ ಎಳೆ, ತೆಳುವಾದ ಮೇಲೆ ಬಲ ತುಂಬು, ಆಮೇಲೆ ಮತ್ತೆ ಕುಗ್ಗಿಸು. 2018ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಅವರಿಬ್ಬರಿಗೂ ಪಾಲು ಬಂದದ್ದು ಇದಕ್ಕಾಗಿ. ಇದರ ಬಲ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಒಂದು ಮಿಲಿಜೌಲ್ ಎಂದರೆ ಒಂದು ಗ್ರಾಂ ತೂಗುವ ಆರೇಳು ಕಾಫಿ ಬೀಜಗಳನ್ನು ಅರ್ಧ ಗೇಣು ಮೇಲೆತ್ತುವಷ್ಟು ಶಕ್ತಿ, ಲೆಕ್ಕಕ್ಕೇ ಇಲ್ಲ. ಅದನ್ನೇ 100 ಫೆಮ್ಟೊಸೆಕೆಂಡಿಗೆ ಹಿಂಡಿದರೆ ಆ ಗಳಿಗೆಯ ಸಾಮರ್ಥ್ಯ 10,000 ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1,035 ಮೆಗಾವ್ಯಾಟ್. ಹತ್ತು ಶರಾವತಿ ಒಂದು ಸೂಜಿಮೊನೆಯ ಮೇಲೆ, ಆದರೆ ಯಾರಿಗೂ ಗೊತ್ತಾಗದಷ್ಟು ಕಡಿಮೆ ಹೊತ್ತು.

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಚುನ್‌ಲೈ ಗುವೊ ತಂಡದವರು ಇಂಥ ಲೇಸರಿನಿಂದ 2006ರಲ್ಲಿ ಲೋಹಗಳನ್ನು ಕಪ್ಪಾಗಿಸಿದರು, 2015ರಲ್ಲಿ ನೀರನ್ನು ಒದ್ದೋಡಿಸುವ ಲೋಹವನ್ನು ತೋರಿಸಿದರು. ಟೆಫ್ಲಾನ್ ಬಳಿದ ಮೈಯಿಂದ ನೀರು ಜಾರಬೇಕಾದರೆ 70 ಡಿಗ್ರಿಯ ಹತ್ತಿರಕ್ಕೆ ಓರೆ ಮಾಡಬೇಕು, ತಮ್ಮ ಲೋಹಕ್ಕೆ 5 ಡಿಗ್ರಿಯೂ ಬೇಡ ಎಂದರು. ಬಳಿದದ್ದು ಸುಲಿಯುತ್ತದೆ; ಇಲ್ಲಿ ಗುಬ್ಬಿಗಳು ಲೋಹದ್ದೇ ಆದ್ದರಿಂದ ಸುಲಿಯಲು ಪದರವೇ ಇಲ್ಲ. 2019ರಲ್ಲಿ ಅವರೇ ಎರಡು ಅಲ್ಯೂಮಿನಿಯಂ ಬಿಲ್ಲೆಗಳ ಹೆಣೆದ ಮೈಗಳನ್ನು ಒಂದಕ್ಕೊಂದು ಎದುರಾಗಿ ಕೂರಿಸಿ, ನಡುವೆ ಗಾಳಿ ಸಿಕ್ಕಿಕೊಳ್ಳುವಂತೆ ಮಾಡಿ, ಎರಡು ತಿಂಗಳು ನೀರಿನಡಿ ಒತ್ತಿಹಿಡಿದು ಬಿಟ್ಟರು. ಅದು ಮೇಲೆದ್ದು ತೇಲಿತು. ಪತ್ರಿಕೆಗಳು ‘ಮುಳುಗದ ಹಡಗು’ ಎಂದು ಹಾರಾಡಿದವು. ನನಗೆ ಹೆಚ್ಚು ಹಿಡಿಸಿದ್ದು 2015ರಲ್ಲಿ ಅವರೇ ಒಪ್ಪಿಕೊಂಡ ಇನ್ನೊಂದು ಮಾತು: ಒಂದು ಚದರ ಅಂಗುಲ ಹೆಣೆಯಲು ಆಗ ಒಂದು ಗಂಟೆ ಹಿಡಿಯುತ್ತಿತ್ತು. ಆ ಲೆಕ್ಕದಲ್ಲಿ ನನ್ನ ಒಂದು ಊಟದ ತಟ್ಟೆಗೆ ನಾಲ್ಕು ದಿನ ಬೇಕು.

ಇಷ್ಟು ಓದಿದ ಮೇಲೆ ಕೈ ಸುಮ್ಮನಿರುವುದೇ? ಅದೇ ಅಂಗಡಿಗೆ ಮತ್ತೆ ಹೋಗಿ, ಸ್ಟೀಲ್ ತಗಡಿನ ತುಂಡೊಂದರ ಮೇಲೆ ಒಂದಂಗುಲದ ಚೌಕ ತುಂಬಿಸಿಕೊಡು ಎಂದೆ. “ಅಕ್ಷರ ಏನೂ ಬೇಡವೇ ಸಾರ್?” ಎಂದು ಅನುಮಾನದಿಂದ ನೋಡಿದ. ಅಡ್ಡಡ್ಡ, ಉದ್ದುದ್ದ ಒತ್ತೊತ್ತಾಗಿ ಗೆರೆ ಹೊಡೆದುಕೊಟ್ಟ. ಮನೆಗೆ ಬಂದವನೇ ಔಷಧಿಯ ಡ್ರಾಪರಿನಿಂದ ಒಂದು ಹನಿ ಬಿಟ್ಟೆ. ಗುಂಡಗೆ ಕೂರುತ್ತದೆಂದು ಬಗ್ಗಿ ನೋಡುತ್ತಿದ್ದರೆ, ಹನಿ ಕಣ್ಣುಮಿಟುಕಿಸುವಷ್ಟರಲ್ಲಿ ಹರಡಿ ಚೌಕದ ಅಂಚಿನವರೆಗೂ ಓಡಿ ಮಾಯವಾಯಿತು. ಬಿಸಿಲಿಗೆ ಒಣಗಿದ ಇಟ್ಟಿಗೆ ನೀರು ಕುಡಿದ ಹಾಗೆ. ನನ್ನ ಪ್ರಯೋಗ ಕೆಟ್ಟಿತೆಂದುಕೊಂಡು ಒರೆಸಿ, ಕಾಗದದ ಮೇಲೆ ತಾರೀಖು ಬರೆದು, ಬೀರುವಿನಲ್ಲಿಟ್ಟು ಮರೆತೆ.

ಕೆಟ್ಟಿರಲಿಲ್ಲ. ಒರಟುತನಕ್ಕೆ ಸ್ವಂತ ಅಭಿಪ್ರಾಯವಿಲ್ಲ. ಅದು ಧ್ವನಿವರ್ಧಕದಂತೆ, ಒಳಗಿನವನು ಏನು ಹೇಳುತ್ತಾನೋ ಅದನ್ನೇ ಜೋರಾಗಿ ಹೇಳುತ್ತದೆ. 1936ರಲ್ಲಿ ವೆನ್‌ಝೆಲ್ ಎಂಬಾತ ಬರೆದ ಸೂತ್ರದ ಸಾರ ಇದು: ಸಪಾಟಾಗಿದ್ದಾಗ ನೀರನ್ನು ಇಷ್ಟಪಡುವ ಮೈ ಒರಟಾದರೆ ಇನ್ನೂ ಇಷ್ಟಪಡುತ್ತದೆ, ದೂರ ಇಡುವ ಮೈ ಒರಟಾದರೆ ಇನ್ನೂ ದೂರ ಇಡುತ್ತದೆ. ಲೇಸರ್ ಆಗಷ್ಟೇ ತಾಗಿದ ಲೋಹದ ಮೇಲೆ ಹೊಸ ಆಕ್ಸೈಡ್ ಇರುತ್ತದೆ, ಅದಕ್ಕೆ ನೀರೆಂದರೆ ಪ್ರೀತಿ. ದಿನ ಕಳೆದಂತೆ ಗಾಳಿಯಲ್ಲಿರುವ ಇಂಗಾಲದ ಸಂಯುಕ್ತಗಳು, ಎಣ್ಣೆಯ ಜಾತಿಯ ಅಣುಗಳು, ಒಂದೊಂದಾಗಿ ಬಂದು ಆ ಕುಳಿಗಳಲ್ಲಿ ಕೂರುತ್ತವೆ. ಮೇಣದ ಕೆಲಸವನ್ನು ಅವು ಮಾಡುತ್ತವೆ. ಮೂರೂವರೆ ವಾರದ ನಂತರ ತಗಡನ್ನು ತೆಗೆದು ಹನಿ ಬಿಟ್ಟಾಗ ಅದು ಮಣಿಯಂತೆ ನಿಂತಿತು. ಕೆಸವಿನ ಎಲೆಯಷ್ಟು ಚುರುಕಿಲ್ಲ. ಓರೆ ಮಾಡಿದರೆ ಸ್ವಲ್ಪ ತಡೆದು, ಮನಸ್ಸಿಲ್ಲದವರಂತೆ ಜಾರಿತು. ಆದರೂ ಯಂತ್ರ ಅದೇ, ತಗಡು ಅದೇ, ಗೆರೆ ಅದೇ. ನಡುವೆ ಕೆಲಸ ಮಾಡಿದ್ದು ಹಾಸನದ ಗಾಳಿ ಮಾತ್ರ. ಈ ಕಾಯುವಿಕೆ ಬೇಡದ ಪ್ರಯೋಗಶಾಲೆಗಳು ತಗಡನ್ನು ಹದವಾಗಿ ಕಾಯಿಸಿಯೋ, ನೀರೊಲ್ಲದ ಅಣುಗಳ ತೆಳುಪೊರೆ ಕೊಟ್ಟೋ ಒಂದು ದಿನದಲ್ಲಿ ಮುಗಿಸುತ್ತವೆ. ಮೊದಲ ದಿನದ ಆ ನೀರು ಕುಡಿಯುವ ಗುಣವೂ ವ್ಯರ್ಥವಲ್ಲ. 2020ರಲ್ಲಿ ಗುವೊ ತಂಡ ಕಪ್ಪಾಗಿಸಿದ ಅಲ್ಯೂಮಿನಿಯಂ ಹಲಗೆಯನ್ನು ಬಿಸಿಲಿಗೆ ಓರೆಯಾಗಿ ನಿಲ್ಲಿಸಿ, ನೀರು ತಾನಾಗಿ ಮೇಲಕ್ಕೇರಿ ಆವಿಯಾಗುವಂತೆ ಮಾಡಿ, ಕಲುಷಿತ ನೀರನ್ನು ಶುದ್ಧ ಮಾಡುವ ಬಗೆಯನ್ನು ಪ್ರಕಟಿಸಿತು.

ಉಪಯೋಗದ ಮಾತಿಗೆ ಬಂದರೆ, ಸದ್ದಿಲ್ಲದೆ ದುಡಿಯುತ್ತಿರುವುದು ಎಣ್ಣೆಯ ಕಡೆಯ ಕೆಲಸ. ತೋಟದ ಹಳೆಯ ಜೀಪು ಹೊಗೆ ಕಾರಲು ಶುರುಮಾಡಿದಾಗ ಎಂಜಿನ್ ಬಿಚ್ಚಿಸಿ ಬೋರಿಂಗ್, ಹೋನಿಂಗ್ ಮಾಡಿಸುತ್ತೇವೆ. ಹೋನಿಂಗ್ ಆದ ಸಿಲಿಂಡರಿನೊಳಗೆ ಇಣುಕಿದರೆ ಚಾಪೆ ಹೆಣಿಗೆಯಂಥ ಅಡ್ಡಗೆರೆ ಕಾಣುತ್ತದೆ. ಮೆಕ್ಯಾನಿಕ್ ಕೆಲಸ ಒರಟಾಗಿ ಬಿಟ್ಟನೆಂದು ನಾನು ಒಮ್ಮೆ ತಕರಾರು ತೆಗೆದು ನಗೆಪಾಟಲಾಗಿದ್ದೆ. ಆ ಗೆರೆಗಳಲ್ಲಿ ಎಣ್ಣೆ ನಿಲ್ಲುತ್ತದೆ. ಗೋಡೆ ಕನ್ನಡಿಯಂತಾದರೆ ಎಣ್ಣೆ ನಿಲ್ಲದೆ ಪಿಸ್ಟನ್ ಉಂಗುರ ಸವೆಯುತ್ತದೆ. ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್ 1990ರ ದಶಕದಲ್ಲಿ ಗೆರೆಯ ಬದಲು ಲೇಸರಿನಿಂದ ಬಿಡಿಬಿಡಿ ಕುಳಿ ಕೊರೆಯುವ ದಾರಿ ಹಿಡಿದರು. ಸುಮಾರು 100 ಮೈಕ್ರಾನ್ ಅಗಲ, ಹತ್ತರ ಆಸುಪಾಸು ಆಳ. ಒಂದೊಂದು ಕುಳಿಯೂ ಎಣ್ಣೆಯ ಪುಟ್ಟ ಗಿಂಡಿ. ಜೊತೆಗೆ ಎರಡು ಮೈ ಜಾರುವಾಗ ಕುಳಿಯ ಎಣ್ಣೆಯಲ್ಲಿ ಒತ್ತಡ ಎದ್ದು ಎರಡನ್ನೂ ಕೊಂಚ ಬೇರ್ಪಡಿಸುತ್ತದೆ. ಸವೆದು ಬಿದ್ದ ಲೋಹದ ಪುಡಿಯೂ ಅದರೊಳಗೆ ಅಡಗುತ್ತದೆ. ಪಂಪುಗಳ ಸೀಲ್, ಬೇರಿಂಗ್, ಪಿಸ್ಟನ್ ಉಂಗುರ ಇಲ್ಲೆಲ್ಲ ಈ ವಿದ್ಯೆ ನಡೆಯುತ್ತದೆ. ಇದಕ್ಕೆ ನೊಬೆಲ್ ಮಟ್ಟದ ಮಿಡಿತ ಬೇಕಿಲ್ಲ, ನ್ಯಾನೊಸೆಕೆಂಡ್ ಯಂತ್ರವೇ ಸಾಕು.

ದೇಹದೊಳಗೆ ಹೂಡುವ ಟೈಟಾನಿಯಂ ಹಲ್ಲಿನ ಬೇರು, ಮೂಳೆಯ ತಿರುಪುಗಳಿಗೂ ಲೇಸರ್ ಹೆಣಿಗೆ ಇದೆ. ನುಣುಪು ಗೋಡೆಗಿಂತ ಸಣ್ಣ ಸಾಲುಗಳಿರುವ ಮೈಯನ್ನು ಮೂಳೆಯ ಕೋಶಗಳು ಹಿಡಿದುಕೊಳ್ಳುತ್ತವೆ, ಸಾಲಿನ ದಿಕ್ಕಿಗೇ ಬೆಳೆಯುತ್ತವೆ. ಅದಕ್ಕೆ ವಿರುದ್ಧದ ಬಯಕೆಯೂ ಇದೆ: ಬ್ಯಾಕ್ಟೀರಿಯಾ ಹಿಡಿಯದ ಮೈ. ಮಲೆನಾಡಿನಲ್ಲಿ ಕಿವಿ ಕಿವುಡಾಗುವಂತೆ ಕೂಗುವ ಜೀರುಂಡೆಯ ರೆಕ್ಕೆ ಇದಕ್ಕೆ ಮಾದರಿ. ಅದರ ಮೇಲಿನ ನ್ಯಾನೊಮೀಟರ್ ಗಾತ್ರದ ಮೊನೆಗಳು ಕೆಲವು ಜಾತಿಯ ಬ್ಯಾಕ್ಟೀರಿಯಾದ ಪೊರೆಯನ್ನೇ ಹರಿದು ಕೊಲ್ಲುತ್ತವೆಂದು 2012ರಲ್ಲಿ ಆಸ್ಟ್ರೇಲಿಯಾದಲ್ಲಿ ತೋರಿಸಲಾಯಿತು. ತಾಮ್ರ ಹೇಗೂ ರೋಗಾಣುಗಳನ್ನು ಕೊಲ್ಲುವ ಲೋಹ; 2020ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಲೇಸರಿನಿಂದ ಅದರ ಮೈಯನ್ನು ಒರಟಾಗಿಸಿ ಆ ಕೆಲಸ ಬೇಗ ಆಗುವಂತೆ ಮಾಡಿದರು. ಆದರೆ ಇಂಥ ಸುದ್ದಿಗಳನ್ನು ಓದುವಾಗ ನಾನು ಒಂದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ನೂರು ಸಲ ತೊಳೆದ ಮೇಲೆ ಹೇಗಿರುತ್ತದೆ? ಕುಳಿಯಲ್ಲಿ ಕೊಳೆ ಕೂತರೆ ಅದೇ ಕುಳಿ ಬ್ಯಾಕ್ಟೀರಿಯಾದ ಛತ್ರವೂ ಆಗಬಹುದು. ಹೆಬ್ಬೆರಳು ಎಲೆಗೆ ಮಾಡಿದ್ದನ್ನು ಸ್ಕ್ರಬ್ಬರ್ ಲೋಹಕ್ಕೆ ಮಾಡುತ್ತದೆ, ನಿಧಾನವಾಗಿ.

ಚದರ ಅಂಗುಲಕ್ಕೆ ಗಂಟೆ ಹಿಡಿಯುವ ಹೆಣಿಗೆಯ ನಿಧಾನಕ್ಕೆ ಒಂದು ಚೆಂದದ ಪರಿಹಾರವಿದೆ. ಹಳೇಬೀಡಿನ ಹತ್ತಿರದ ಹುಳಿಕೆರೆ ಕಲ್ಯಾಣಿಯಂಥ ನಿಂತ ನೀರಿಗೆ ಎರಡು ಕಲ್ಲು ಹಾಕಿದರೆ, ಎರಡರ ಅಲೆಗಳು ಸೇರುವಲ್ಲಿ ಏರು-ತಗ್ಗಿನ ಸಾಲುಗಳು ಏಳುತ್ತವೆ. ಒಂದೇ ಲೇಸರ್ ಕಿರಣವನ್ನು ಎರಡಾಗಿ ಸೀಳಿ ಲೋಹದ ಮೇಲೆ ಮತ್ತೆ ಕೂಡಿಸಿದರೂ ಹಾಗೆಯೇ, ಬೆಳಕು-ಕತ್ತಲೆಯ ನೂರಾರು ಸಾಲು ಒಂದೇ ಏಟಿಗೆ ಬೀಳುತ್ತವೆ. ಒಂದು ಉಳಿಯ ಬದಲು ನೂರು ಉಳಿ. ಮೊದಲ ಪ್ರಯೋಗಗಳ ಆಮೆನಡಿಗೆ ಈಗ ಉಳಿದಿಲ್ಲ.

ಅಂದಹಾಗೆ, ಹೆಸರು ಹಾಕಿಸಲು ಹೋದವರು ಕಿಡಿಯನ್ನು ನೆಟ್ಟ ನೋಟದಿಂದ ನೋಡಬೇಡಿ. ಆ ಯಂತ್ರಗಳ ನಿಜವಾದ ಕಿರಣ ಕಣ್ಣಿಗೆ ಕಾಣದ ಅವಕೆಂಪು. ಕಾಣುವ ಕೆಂಪು ಬರೀ ಗುರಿ ತೋರಿಸುವ ದೀಪ. ಹೊಳೆಯುವ ಪಾತ್ರೆ ಕನ್ನಡಿಯಂತೆ ಅದನ್ನು ಎತ್ತ ಬೇಕಾದರೂ ತಿರುಗಿಸೀತು, ಅಕ್ಷಿಪಟಲ ಒಮ್ಮೆ ಸುಟ್ಟರೆ ಮತ್ತೆ ಬರುವುದಿಲ್ಲ. ಆ ಹುಡುಗನ ಕಣ್ಣಿಗೆ ತಕ್ಕ ಕನ್ನಡಕವಿರಲಿಲ್ಲ. ಹೇಳಿದೆ. “ಬಾಕ್ಸಿನಲ್ಲಿದೆ ಸಾರ್” ಎಂದ.

ಬೀರುವಿನಿಂದ ತೆಗೆದ ತಗಡಿನ ಮೇಲೆ ನಾನು ಹನಿ ಉರುಳಿಸುತ್ತಿದ್ದಾಗ ಅಮ್ಮ ಬಂದು ನೋಡಿದಳು. “ಇದನ್ನೇ ದೋಸೆ ಕಾವಲಿಗೆ ಮಾಡಿಸಿದರೆ ಹಿಟ್ಟು ಹಿಡಿಯುವುದಿಲ್ಲವಲ್ಲ?”

ಹಿಡಿಯುತ್ತದೆ. ಬಿಸಿಗೆ ಆ ಗಾಳಿಯ ಮೇಣ ಮೊದಲು ಹೋಗುತ್ತದೆ. ಎಣ್ಣೆಯ ಮೇಲ್ಮೈ ಎಳೆತ ನೀರಿನದರ ಅರ್ಧಕ್ಕಿಂತ ಕಡಿಮೆ, ಅದು ಗುಬ್ಬಿಗಳ ತುದಿಯಲ್ಲಿ ನಿಲ್ಲದೆ ಸಂದಿಗೆ ಇಳಿಯುತ್ತದೆ. ಹಿಂದೆಯೇ ಹಿಟ್ಟು ಇಳಿದು, ಬೆಂದು, ಸಾವಿರ ಕುಳಿಗಳಲ್ಲಿ ಕೊಕ್ಕೆ ಹಾಕಿಕೊಂಡು ಕೂರುತ್ತದೆ. ಕಬ್ಬಿಣದ ಕಾವಲಿಯನ್ನು ಪಳಗಿಸುವುದೆಂದರೆ ಇದಕ್ಕೆ ನೇರ ವಿರುದ್ಧದ ಕೆಲಸ: ಎಣ್ಣೆಯನ್ನು ಮತ್ತೆ ಮತ್ತೆ ಸುಟ್ಟು, ಇರುವ ಕುಳಿಗಳನ್ನೆಲ್ಲ ಗಟ್ಟಿಪೊರೆಯಿಂದ ಮುಚ್ಚುವುದು. ಇದನ್ನೆಲ್ಲ ನಾನು ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಅರ್ಧ ಹೋಳು ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜಿ, ಮೊದಲ ದೋಸೆ ಹುಯ್ದಾಗಿತ್ತು.